ಹಾರಿ ಬಂದಿದ್ದಲ್ಲ, ಹಡಗಿನಲ್ಲಿ ಬಂದಿದ್ದು

ನಮಸ್ಕಾರ. ಇವತ್ತು ಬೇರೆ ವಿಷಯ ಇತ್ತು. ಆದರೆ ಹವಾಯಿ ದ್ವೀಪಗಳ ಹಕ್ಕಿಗಳು ಅಳಿದುಹೋಗುತ್ತಿರುವ ಬಗ್ಗೆ ಹೋದ ವಾರ ಮಾಡಿದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ, "ಗುರುವೇ, ದುರ್ಬಲ ಪ್ರಾಣಿ ಸಾಯುತ್ತೆ, ಪ್ರಕೃತಿ ನಿಯಮ, ಇದಕ್ಕೆಲ್ಲ ಯಾಕೆ ಅಳ್ತೀರಾ?" ಅದಕ್ಕೆ 400 ಲೈಕ್! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ ಮಾರಾಯ್ರೇ.

ಪ್ರಕೃತಿ ನಿಯಮವಾ? 1826ರವರೆಗೆ ಹವಾಯಿಯಲ್ಲಿ ಸೊಳ್ಳೆಯೇ ಇರಲಿಲ್ಲ. ಹಡಗಿನ ನೀರಿನ ಪೀಪಾಯಿಯಲ್ಲಿ ಕೂತು ಬಂದು ಮಾವಿ ದ್ವೀಪದಲ್ಲಿ ಇಳಿಯಿತು. ಹಾರಿ ಬಂದಿದ್ದಲ್ಲ, ಹಡಗಿನಲ್ಲಿ ಬಂದಿದ್ದು. ಆಮೇಲೆ ಅದರಿಂದಲೇ ಹಕ್ಕಿ ಮಲೇರಿಯಾ ಹಬ್ಬಿತು. ಅಲ್ಲಿ ಇಈವಿ ಅಂತ ಒಂದು ಹಕ್ಕಿ ಇದೆ, ಕೆಂಪು ದಾಸವಾಳದ ಬಣ್ಣ, ಕುಡುಗೋಲಿನ ಹಾಗೆ ಬಾಗಿದ ಕೊಕ್ಕು, ಹೂವಿನೊಳಗೆ ತೂರಿಸಿ ಮಕರಂದ ಹೀರುತ್ತದೆ. ಸೋಂಕಿನ ಸೊಳ್ಳೆ ಒಂದೇ ಸಲ ಕಚ್ಚಿದರೂ 10ರಲ್ಲಿ 9 ಇಈವಿ ಸಾಯುತ್ತವೆ. ನೀವು ಡೆಂಗಿ ಬಂದು ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಯಾರಾದರೂ ಬಂದು "ಪ್ರಕೃತಿ ನಿಯಮ ಸಾರ್" ಅಂದರೆ ಹೇಗಿರುತ್ತೆ?

ಸೊಳ್ಳೆ ಬಿಡಿ. ಮುಂಗುಸಿ? ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ 1883ರಲ್ಲಿ ತಂದರು. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಹಗಲು. ಇಬ್ಬರಿಗೂ ಭೇಟಿಯೇ ಇಲ್ಲ! ಅದು ನೆಲದಲ್ಲಿ ಗೂಡು ಮಾಡುವ ನೇನೇ ಹೆಬ್ಬಾತಿನ ಮೊಟ್ಟೆಗೆ ಬಾಯಿ ಹಾಕಿತು. ಆ ಮುಂಗುಸಿಯ ಮೂಲ ನಮ್ಮ ಕಲ್ಕತ್ತಾ, ಜಮೈಕಾ ಸುತ್ತಿಕೊಂಡು ಹೋಗಿದ್ದು. ಈಜಿಕೊಂಡು ಹೋಯ್ತಾ? ಹಡಗು ಸ್ವಾಮಿ, ಹಡಗು! ಹುಳು ತಿನ್ನಲಿ ಅಂತ 1865ರಲ್ಲಿ ನಮ್ಮ ಗೊರವಂಕವನ್ನೂ ಹಾಗೇ ಒಯ್ದರು.

"ಆ ಇಈವಿ ಹಕ್ಕಿಗಳೂ ಹೊರಗಿನಿಂದಲೇ ಬಂದಿದ್ದು ಅಲ್ವಾ" ಅಂತ ಇನ್ನೊಬ್ಬ ಜಾಣ. ಹೌದಪ್ಪ, ಸುಮಾರು 50 ಲಕ್ಷ ವರ್ಷದ ಹಿಂದೆ ಏಷ್ಯಾದ ಒಂದು ಪುಟ್ಟ ಹಕ್ಕಿಯ ಗುಂಪು ಸ್ವಂತ ರೆಕ್ಕೆಯಲ್ಲಿ ಬಂತು. ಪಾಸ್‌ಪೋರ್ಟ್ ನಾನು ನೋಡಿಲ್ಲ, ಆದರೆ ಆಗ ಹಡಗಂತೂ ಇರಲಿಲ್ಲ! ಅದರಿಂದ ಇಈವಿಯೂ ಸೇರಿ 50ಕ್ಕೂ ಜಾಸ್ತಿ ಜಾತಿ ಆದವು, ಈಗ ಉಳಿದಿರುವುದು 17. ಕವಾಯಿ ದ್ವೀಪದ ಓಓ ಅನ್ನುವ ಇನ್ನೊಂದು ಹಕ್ಕಿಯ ದನಿ 1987ರಲ್ಲಿ ಕೊನೆಯ ಸಲ ಕೇಳಿಸಿತು. ರೆಕಾರ್ಡಿಂಗ್ ಇದೆ, ಹುಡುಕಿ ಕೇಳಿ. ಆಮೇಲೆ ನನಗೆ ನಿಯಮ ಹೇಳಿ.

ಈಗ ಅಲ್ಲಿ ಹೆಲಿಕಾಪ್ಟರ್‌ನಿಂದ ಸೊಳ್ಳೆ ಬಿಡುತ್ತಿದ್ದಾರೆ. ತಪ್ಪು ಕೇಳಿಸಿಕೊಂಡಿಲ್ಲ, ಸೊಳ್ಳೆನೇ. ಗಂಡು ಸೊಳ್ಳೆ, ಕಚ್ಚಲ್ಲ. ಅದರೊಳಗಿನ ಬ್ಯಾಕ್ಟೀರಿಯಾದಿಂದಾಗಿ ಅದರ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆದು ಮರಿಯಾಗಲ್ಲ. ತರುವುದಕ್ಕೆ ಒಂದು ಪೀಪಾಯಿ ಸಾಕಾಯ್ತು, ಓಡಿಸುವುದಕ್ಕೆ ಹೆಲಿಕಾಪ್ಟರ್ ಬೇಕಾಯ್ತು ನೋಡಿ.

ಸಬ್‌ಸ್ಕ್ರೈಬ್ ಆಗದೆ ಪುಕ್ಕಟೆ ನೋಡುತ್ತಿರುವವರೇ, ಆ ಬಟನ್ ಕಚ್ಚಲ್ಲ, ಒತ್ತಿ. ಇನ್ನೂ ನಾಲ್ಕು ಪಾಯಿಂಟ್ ಬರೆದಿಟ್ಟಿದ್ದೆ, ಚೀಟಿ ಎಲ್ಲೋ ಹೋಯ್ತು. ಹೋಗಲಿ ಬಿಡಿ. ಆ ಕಾಮೆಂಟ್‌ಗೆ "ಹಡಗು" ಅಂತ ಒಂದೇ ಪದ ಬರೆದು ಪಿನ್ ಮಾಡುತ್ತೇನೆ. ಅದಕ್ಕಾದರೂ 400 ಲೈಕ್ ಕೊಡಿ ನೋಡೋಣ.