ಮೀನು ಆಮೇಲೆ, ಮೊದಲು ನೀರು

ನಮಸ್ಕಾರ ಎಲ್ಲರಿಗೂ. ಹೌದು, ಸಮುದ್ರದ ಮೀನಿಗೆಂದು ಮನೆಯಲ್ಲಿ ಸಿದ್ಧ ಮಾಡುತ್ತಿರುವ ಈ ಟ್ಯಾಂಕ್‌ನಲ್ಲಿ ಇನ್ನೂ ಕಲ್ಲು, ಮರಳು, ನೀರು ಅಷ್ಟೇ. ಮೀನು ಯಾವಾಗ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಇವತ್ತು ಮೀನಿಲ್ಲ.

ಇದು ಉಪ್ಪು ಕಲಸುವುದು, ನೋಡುತ್ತಿರಿ. ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಸೇರಿರುವ ಮರೀನ್ ಸಾಲ್ಟ್ ಬೇಕು. ಅಳತೆ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಭಾಗ ಉಪ್ಪು. "ಮಂಗಳೂರಿಂದ ಸಮುದ್ರದ ನೀರೇ ತರಿಸು" ಅಂತ ಮಾವ ಹೇಳಿದರು. ನೇತ್ರಾವತಿ, ಗುರುಪುರ ಎರಡೂ ನದಿ ಅಲ್ಲೇ ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿದುಹೋಗುತ್ತದೆ. ಮೇಲೆ ಊರಿನ ಕೊಳಕು ಬೇರೆ. ಬೇಡ ಮಾವ.

ಸರಿ, ಈ ಡ್ರಮ್. ನನಗೆ ಸಿಟ್ಟು ಬರುವ ಜಾಗ ಇದೇ. ಅಡುಗೆಮನೆಯ ಆರ್‌ಓ ನೀರು ಶುದ್ಧ ಅಲ್ವಾ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಮಷಿನ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಅಳತೆ. ರುಚಿಗೋಸ್ಕರ ಸ್ವಲ್ಪ ನೀರನ್ನು ಮೆಂಬ್ರೇನ್, ಅಂದರೆ ಸೋಸುವ ಪೊರೆ, ದಾಟಿಸದೆ ಹಾಗೇ ಬೆರೆಸುತ್ತದೆ. ನಮ್ಮ ಮನೆಯದು 90 ತೋರಿಸುತ್ತದೆ. ಕುಡಿಯಲು ಚೆನ್ನಾಗಿದೆ. ಆದರೆ ಆ 90ರಲ್ಲಿ ಏನೇನಿದೆ ಅಂತ ಮೀಟರ್ ಹೇಳುವುದಿಲ್ಲ. ನೈಟ್ರೇಟ್, ಫಾಸ್ಫೇಟ್ ಇದ್ದರೆ ಪಾಚಿಗೆ ಹಬ್ಬ. ತಾಮ್ರ ಇದ್ದರೆ ಸಿಗಡಿ, ಬಸವನಹುಳ ಉಳಿಯುವುದಿಲ್ಲ. ಟ್ಯಾಂಕ್‌ಗೆ ಸೊನ್ನೆ ಬೇಕು. ಅದಕ್ಕೇ ಬೇರೆ ಆರ್‌ಓ, ಅದರ ಹಿಂದೆ ಉಳಿದ ಲವಣವನ್ನೂ ಹಿಡಿದಿಟ್ಟುಕೊಳ್ಳುವ ಡಿಐ ರೆಸಿನ್.

ಆ ರೆಸಿನ್ ನೋಡನೋಡುತ್ತಲೇ ಖಾಲಿಯಾಗುತ್ತಿತ್ತು. ಅಂಗಡಿಯವರು ಇನ್ನೊಂದು ಪ್ಯಾಕೆಟ್ ತಗೊಳ್ಳಿ ಅನ್ನುತ್ತಾರೆ, ಅಷ್ಟೇ. ಕಾರಣ ನಮ್ಮ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್. ಗ್ಯಾಸ್ ಆದ್ದರಿಂದ ಮೆಂಬ್ರೇನ್ ಅದನ್ನು ತಡೆಯುವುದಿಲ್ಲ, ನೇರ ಬಂದು ರೆಸಿನ್ ತಿನ್ನುತ್ತದೆ. ಟಿಡಿಎಸ್ ಮೀಟರ್‌ನಲ್ಲಿ ಅದು ಸರಿಯಾಗಿ ಕಾಣುವುದೂ ಇಲ್ಲ. ಈಗ ಆರ್‌ಓ ನೀರನ್ನು ಈ ಡ್ರಮ್‌ನಲ್ಲಿ ರಾತ್ರಿಯಿಡೀ ಏರ್ ಪಂಪ್ ಹಾಕಿ ಬಿಡುತ್ತೇನೆ. ಗ್ಯಾಸ್ ಹೊರಗೆ ಹೋಗುತ್ತದೆ. ಬೆಳಿಗ್ಗೆ ರೆಸಿನ್‌ಗೆ ಬಿಡುತ್ತೇನೆ. ರೆಸಿನ್ ಎಷ್ಟೋ ಜಾಸ್ತಿ ಬಾಳುತ್ತಿದೆ. ಇದನ್ನು ಮಾರುವವರು ಮೊದಲೇ ಹೇಳಬೇಕು, ನಿಜವಾಗಿ ಹೇಳಬೇಕು.

ಆ ನೀಲಿ ಬಕೆಟ್‌ಗಳು ಆರ್‌ಓ ಬಿಟ್ಟ ವೇಸ್ಟ್ ನೀರು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಬೀದಿ ನಮ್ಮದು, ಚರಂಡಿಗೆ ಬಿಡಲು ಮನಸ್ಸಾಗುವುದಿಲ್ಲ. ನೆಲ ಒರೆಸಲು, ಬಾತ್‌ರೂಮ್ ತೊಳೆಯಲು ಆಗುತ್ತದೆ. ಗಿಡಕ್ಕೆ ಹಾಕಬೇಡಿ, ಉಪ್ಪಿನಂಶ ಜಾಸ್ತಿ. ನಮ್ಮಮ್ಮನ ಕರಿಬೇವಿನ ಹತ್ತಿರ ಅಂತೂ ಬೇಡವೇ ಬೇಡ.

ಅಯ್ಯೋ, ಟೆಸ್ಟ್ ಶಾಟ್ ಬಂದೇಬಿಟ್ಟಿತು. ಹಸಿರು ಬಂದಿರುವುದು ಅಮೋನಿಯಾ. ಮೀನಿನ ಗಲೀಜಿನಿಂದ ಬರುವ ವಿಷ ಅದು. ಈಗ ನಾನೇ 2 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 2 ಭಾಗ, ಆಗುವಷ್ಟು ಹಾಕಿದ್ದು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಸೈಕಲ್ ಅನ್ನುತ್ತಾರೆ. ಟ್ಯಾಂಕ್‌ಗೆ ಮೀನು ಹಾಕಿ ಸೈಕಲ್ ಮಾಡುವುದು ಹಿಂಸೆ, ನಾನು ಒಪ್ಪುವುದಿಲ್ಲ. ಒಂದು ಜಾತಿ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ನಂಬಬೇಡಿ, ಸುಮ್ನೆ ಜಾಸ್ತಿ ತೋರಿಸುತ್ತದೆ.

ಪಿಎಚ್ ಕಿಟ್‌ಗೆ ದುಡ್ಡು ಹಾಕಬೇಡಿ, ಆಲ್ಕಲಿನಿಟಿ, ಅಂದರೆ ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ, ನೋಡಿದರೆ ಸಾಕು. ಅದರ ಅಳತೆ ಡಿಕೆಎಚ್, ನಮ್ಮದು 8... ಅಲ್ಲ, ತಡೀರಿ, ಪಿಎಚ್ ಕಿಟ್ ಕೂಡ ಇರಲಿ. ಬೆಳಿಗ್ಗೆ ಪಿಎಚ್ 7.8 ಇತ್ತು. ಪಿಎಚ್ ಏರಿಸುವ ಬಫರ್ ಪುಡಿ ಸುರಿಯಬೇಕು ಅನ್ನಿಸುತ್ತದೆ. ಕಿಟಕಿ ತೆಗೆದಿಟ್ಟೆ, ಸಂಜೆಗೆ 8.1. ರಾತ್ರಿ ಮುಚ್ಚಿದ ಕೋಣೆಯಲ್ಲಿ ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡೇ ನೀರಿಗೆ ಸೇರಿ ಪಿಎಚ್ ಇಳಿಸಿತ್ತು. ಪುಡಿ ಹಾಕಿದ್ದರೆ ಆಲ್ಕಲಿನಿಟಿ ಸುಮ್ಮನೆ ಏರುತ್ತಿತ್ತು.

ಕಲ್ಲು ಒಣಕಲ್ಲೇ. ಸಮುದ್ರದಿಂದ ಕಿತ್ತ ಲೈವ್ ರಾಕ್, ಅಂದರೆ ಜೀವಿಗಳು ಅಂಟಿಕೊಂಡಿರುವ ಹವಳದ ಕಲ್ಲು, ಯಾರಾದರೂ ಕೊಡುತ್ತೇನೆ ಅಂದರೆ ತಗೋಬೇಡಿ. ನಮ್ಮ ಕಡಲಿನ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇರಲೇಬೇಕು. ನೇತ್ರಾಣಿ ದ್ವೀಪದಲ್ಲಿ ಉಳಿದಿರುವ ಹವಳ ಅಲ್ಲೇ ಇರಲಿ.

ಇನ್ನು ಕಾಯುವುದು. 2 ಪಿಪಿಎಂ ಅಮೋನಿಯಾ ಹಾಕಿದರೆ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಬೇಕು. ಆಮೇಲೆ ನೀರು ಬದಲಿಸಿ, ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನಿನ ಜೋಡಿ ತರುತ್ತೇನೆ. ಅಲ್ಲಿಯವರೆಗೆ ನೀರು ಆವಿಯಾದಷ್ಟೂ ಸಿಹಿನೀರೇ ತುಂಬಿಸಿ. ಉಪ್ಪು ಆವಿಯಾಗುವುದಿಲ್ಲ, ಅಲ್ವಾ? ಡ್ರಮ್ ತುಂಬಿತು, ಪೈಪ್ ತೆಗೆಯಬೇಕು. ಸಿಗೋಣ.