ನಾರು ಉಳಿದ ಅರಳಿ ಎಲೆ: ಪರ್ಕಿಂಜೆ ಕೋಶದ ಕಥೆ

ದೃಶ್ಯ 1: ಮಾಸಲು ಹಳದಿ ಹಿನ್ನೆಲೆ, ನಡುವೆ ಕಪ್ಪಾಗಿ ಕವಲೊಡೆದ ಒಂದೇ ಕೋಶ.

ನಿರೂಪಣೆ: ನಮಸ್ಕಾರ. ಪುಸ್ತಕದೊಳಗೆ ಬಹುಕಾಲ ಇದ್ದು, ಹಸಿರೆಲ್ಲ ಕಳೆದು ನಾರಿನ ಬಲೆ ಮಾತ್ರ ಉಳಿದ ಅರಳಿ ಎಲೆಯನ್ನು ನೀವು ನೋಡಿರುತ್ತೀರಿ. ಪರದೆಯ ಮೇಲಿನ ಆಕೃತಿ ಅದನ್ನೇ ನೆನಪಿಸುತ್ತದೆಯಾದರೂ, ಇದು ತಲೆಯ ಹಿಂಭಾಗದ ಅನುಮಸ್ತಿಷ್ಕದಲ್ಲಿರುವ ಒಂದು ನರಕೋಶ. ಬೊಹೀಮಿಯಾದ ಯಾನ್ ಪರ್ಕಿಂಜೆ 1837ರಲ್ಲಿ ಇದನ್ನು ವಿವರಿಸಿದಾಗ ಅವರಿಗೆ ಕಂಡದ್ದು ಕೋಶದ ಒಡಲು ಮತ್ತು ಕವಲುಗಳ ಬುಡ ಮಾತ್ರ.

ದೃಶ್ಯ 2: ಗಾಜಿನ ಪಟ್ಟಿಯ ಮೇಲೆ ಮಿದುಳಿನ ತೆಳುವಾದ ತುಣುಕು.

ನಿರೂಪಣೆ: ಇಡೀ ರೂಪವನ್ನು ಕಾಣಿಸುವ ವಿಧಾನ 1873ರಲ್ಲಿ ಪ್ರಕಟವಾಯಿತು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಗಾಲ್ಗಿ ಕಾಯದ ಹೆಸರಿನಿಂದ ಪರಿಚಿತರಾದ ಕಮಿಲ್ಲೊ ಗಾಲ್ಗಿ, ಮಿಲಾನ್ ಸಮೀಪದ ಆಸ್ಪತ್ರೆಯೊಂದರ ಅಡುಗೆಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ಗಟ್ಟಿಯಾಗಿಸಿದ ಮಿದುಳಿನ ತುಣುಕುಗಳನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ನೆನೆಸಿಟ್ಟರು. ಕೋಶದೊಳಗೆ ಬೆಳ್ಳಿಯ ಲವಣ ಕಟ್ಟಿ, ಕೊನೆಯ ಕವಲಿನ ತುದಿಯವರೆಗೂ ಕಪ್ಪೇರಿತು. ಈ ವಿಧಾನದ ಸೊಗಸೆಲ್ಲ ಇರುವುದು ಅದರ ಜಿಪುಣತನದಲ್ಲಿ! ನೂರು ಕೋಶಗಳಲ್ಲಿ ಕೆಲವಕ್ಕೆ ಮಾತ್ರ ಬಣ್ಣ ಹಿಡಿಯುತ್ತದೆ. ಎಲ್ಲಕ್ಕೂ ಹಿಡಿದಿದ್ದರೆ ಮಸಿ ಬಳಿದ ಗಾಜಷ್ಟೇ ಕೈಗೆ ಸಿಗುತ್ತಿತ್ತು.

ದೃಶ್ಯ 3: ಅದೇ ಕೋಶ ನಿಧಾನವಾಗಿ ತಿರುಗಿ, ಅಂಚಿನ ಕಡೆಯಿಂದ ಕಾಣುತ್ತದೆ.

ನಿರೂಪಣೆ: ಈಗ ಇದನ್ನು ಪಕ್ಕದಿಂದ ನೋಡೋಣ. ಮರದ ಕೊಂಬೆಗಳಂತೆ ಸುತ್ತಲೂ ಹರಡದೆ, ಇದು ಎಲೆಯಷ್ಟೇ ಚಪ್ಪಟೆಯಾಗಿದೆ. ಹೀಗಿರುವುದಕ್ಕೆ ಕೆಲಸವೂ ಇದೆ. ಅನುಮಸ್ತಿಷ್ಕದ ಕಿರುಕೋಶಗಳಿಂದ ಹೊರಟ ಸಪೂರ ಎಳೆಗಳು ಒಂದಕ್ಕೊಂದು ಸಮಾನಾಂತರವಾಗಿ ಸಾಗುತ್ತ, ಒತ್ತಾಗಿ ಸಾಲುಗಟ್ಟಿದ ಈ ಚಪ್ಪಟೆ ಕೋಶಗಳನ್ನು ಅಡ್ಡಲಾಗಿ ಹಾದುಹೋಗುತ್ತವೆ. ಕವಲುಗಳ ಮೈಮೇಲೆ ಮುಳ್ಳುಗಳಂತೆ ಎದ್ದಿರುವ ಚಾಚುಗಳ ಮೂಲಕ, ಒಂದೊಂದು ಪರ್ಕಿಂಜೆ ಕೋಶವೂ ಇಂಥ ಒಂದು ಲಕ್ಷಕ್ಕೂ ಹೆಚ್ಚು ಎಳೆಗಳಿಂದ ಸಂಕೇತ ಪಡೆಯುತ್ತದೆ.

ದೃಶ್ಯ 4: ಮಸಿಯಲ್ಲಿ ಬಿಡಿಸಿದ ರೇಖಾಚಿತ್ರ, ಮುಳ್ಳುಗಳು ಹತ್ತಿರದಿಂದ.

ನಿರೂಪಣೆ: ಆ ಮುಳ್ಳುಗಳನ್ನು 1888ರಲ್ಲಿ ಗುರುತಿಸಿದವರು, ಬಾಲ್ಯದಲ್ಲಿ ಚಿತ್ರಕಾರರಾಗಬೇಕೆಂದಿದ್ದ ಸ್ಪೇನಿನ ಸಾಂತಿಯಾಗೊ ರಾಮೋನ್ ಇ ಕಹಾಲ್. ಅವರು ಗಾಲ್ಗಿಯವರ ವಿಧಾನವನ್ನೇ ತಿದ್ದಿ ಬಳಸಿ, ಹಕ್ಕಿಗಳ ಅನುಮಸ್ತಿಷ್ಕವನ್ನು ಪರೀಕ್ಷಿಸಿದ್ದರು. ನರಕೋಶಗಳೆಲ್ಲ ಬೆಸೆದುಕೊಂಡ ಒಂದೇ ಬಲೆ ಎಂದು ಗಾಲ್ಗಿ ನಂಬಿದ್ದರೆ, ಪ್ರತಿ ಕೋಶವೂ ಬಿಡಿ ಎಂದು ಕಹಾಲ್ ವಾದಿಸಿದರು. 1906ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಾಗಲೂ ಗಾಲ್ಗಿ ತಮ್ಮ ಉಪನ್ಯಾಸದಲ್ಲಿ ಆ ವಾದವನ್ನು ವಿರೋಧಿಸಿದರು.

ಕೋಶ ಕೋಶಗಳ ನಡುವೆ ಸುಮಾರು 20 ನ್ಯಾನೊಮೀಟರ್ ಅಂತರವಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ 1950ರ ದಶಕದಲ್ಲಿ ತೋರಿಸಿತು. ಅಷ್ಟು ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು.