ಗಟಾರದಿಂದ ತೆಗೆದ ಕಸ ಎಲ್ಲಿಗೆ ಹೋಗಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಮೇ ತಿಂಗಳು ಬಂತೆಂದರೆ ಮುಂಬೈಯ ಸೊಸೈಟಿಗಳಲ್ಲಿ ಗಡಿಬಿಡಿಯೋ ಗಡಿಬಿಡಿ. ಟೆರೇಸಿಗೆ ವಾಟರ್‌ಪ್ರೂಫಿಂಗ್, ಕಿಟಕಿಗಳ ಮೇಲೆ ಶೀಟು, ಜೊತೆಗೆ ಗಟಾರ ಸಾಫ್ ಮಾಡಿಸುವ ಕೆಲಸ. ಮಾಡಿನ ಅಂಚಿನ ದಂಬೆ, ಅಲ್ಲಿಂದ ಕೆಳಗಿಳಿಯುವ ಪೈಪು, ಕಾಂಪೌಂಡಿನ ಸುತ್ತ ಇರುವ ಚರಂಡಿ, ಎಲ್ಲವೂ ಮಳೆಗೆ ಮೊದಲು ಖಾಲಿಯಾಗಬೇಕು. ಅದಕ್ಕೆಂದೇ ಕಂಟ್ರಾಕ್ಟರುಗಳಿದ್ದಾರೆ. ಕೂಲಿಯವರು ಬರುತ್ತಾರೆ, ಎಳೆದು ಹಾಕುತ್ತಾರೆ, ಸೆಕ್ರೆಟರಿ ಬಿಲ್ಲಿಗೆ ಸಹಿ ಮಾಡುತ್ತಾರೆ. ತೆಗೆದ ಕಸ ಎಲ್ಲಿಗೆ ಹೋಯಿತು ಅಂತ ಕೇಳುವವರು ಮಾತ್ರ ಕಡಿಮೆ. ಇವತ್ತು ನಾನು ಮಾತಾಡುವುದು ಆ ಕಸದ ಬಗ್ಗೆ.

ಸೊಸೈಟಿಗಳ ಮತ್ತು ಹೋಟೆಲುಗಳ ಮೇಂಟೆನೆನ್ಸ್ ಕೆಲಸ ಮಾಡಿಸುವುದು ನನ್ನ ಉದ್ಯೋಗ. ಮುಲುಂಡ್, ಭಾಂಡುಪ್ ಕಡೆಯ ಕಟ್ಟಡಗಳೇ ಜಾಸ್ತಿ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯವರು. ದಂಬೆ ಖಾಲಿಯಾಗಿ ಗೋಣಿಚೀಲ ತುಂಬಿದ ಮೇಲೆ ಅವರು ಕೇಳುವ ಮಾತು ಒಂದೇ: "ಇದನ್ನ ಎಲ್ಲಿ ಚೆಲ್ಲೂದ್ರೀ ಸಾಹೇಬ್ರ?" ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರಲ್ಲ. ಕೆಲಸ ಮಾಡಿಸುವ ನಾನು, ದುಡ್ಡು ಕೊಡುವ ಸೊಸೈಟಿ, ನಾವಿಬ್ಬರು. ಆದರೆ ಕೊಟೇಶನ್ ಕೈಗೆ ಬಂದ ಕೂಡಲೇ ಕಮಿಟಿಯವರು ಮೊದಲು ಕತ್ತರಿ ಹಾಕುವುದು ಟೆಂಪೊ ಖರ್ಚಿಗೇ. "ಅದೆಲ್ಲ ಯಾಕೆ, ನಿಮ್ಮವರು ಹೇಗಾದರೂ ನೋಡಿಕೊಳ್ಳಲಿ" ಅನ್ನುತ್ತಾರೆ. ಹೇಗಾದರೂ ಅಂದರೆ ಏನು ಗೊತ್ತಲ್ವಾ? ಕತ್ತಲಾದ ಮೇಲೆ ರಸ್ತೆ ಬದಿಯ ನಾಲಾಕ್ಕೆ, ಅಂದರೆ ಊರಿನ ದೊಡ್ಡ ಚರಂಡಿಗೆ, ಸುರಿಯುವುದು. ಇಲ್ಲವೇ ಖಾಡಿಯ (ಸಮುದ್ರದ ಹಿನ್ನೀರಿನ) ಕಡೆ ಹೋಗಿ ಕಾಂಡ್ಲಾ ಗಿಡಗಳ ಬುಡಕ್ಕೆ ಚೆಲ್ಲುವುದು. ಠಾಣೆ ಖಾಡಿಯ ಆ ದಡಕ್ಕೆ ಚಳಿಗಾಲದಲ್ಲಿ ಸಾವಿರಾರು ಫ್ಲೆಮಿಂಗೊ ಬರುತ್ತವೆ. 2022ರಲ್ಲಿ ಅದಕ್ಕೆ ರಾಮ್ಸಾರ್ ತಾಣ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ, ಅನ್ನುವ ಮಾನ್ಯತೆಯೂ ಸಿಕ್ಕಿದೆ. ಅಲ್ಲಿಗೆ ನಮ್ಮ ಗಟಾರದ ಚೀಲ ಹೋಗಿ ಬಿದ್ದರೆ ನಾವು ಮಾಡಿಸಿದ್ದು ಸಫಾಯಿ ಅಲ್ಲ.

ಇನ್ನು ನಾಲಾಕ್ಕೆ ಸುರಿದರಂತೂ ಅದೇ ಕೆಸರು ಮೊದಲ ಮಳೆಗೆ ಪಕ್ಕದ ಗಲ್ಲಿಯ ಮೋರಿಗೆ ಹೋಗಿ ಕೂರುತ್ತದೆ. ನೀರು ಹಿಂದಕ್ಕೆ ಒತ್ತಿ ನಮ್ಮ ಪಾರ್ಕಿಂಗಿಗೇ ಬರುತ್ತದೆ. ಈ ಊರಿನ ಹಳೆಯ ಮಳೆನೀರಿನ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆ ಅಂತ ಲೆಕ್ಕ ಹಾಕಿ ಕಟ್ಟಿದವು. ಅದೂ ಸಮುದ್ರದಲ್ಲಿ ಇಳಿತ ಇದ್ದಾಗ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಸುರಿಯಿತು. ಅಂಥ ಮಳೆಗೆ ಯಾವ ಚರಂಡಿಯೂ ಸಾಲದು, ಸರಿ. ಆದರೆ ಸಾಧಾರಣ ಜೋರು ಮಳೆಗೂ ನೀರು ನಿಲ್ಲುತ್ತದಲ್ಲ, ಅಲ್ಲಿ ಅರ್ಧ ತುಂಬಿದ ಚರಂಡಿಯ ಪಾಲು ದೊಡ್ಡದು.

ಈಗ ದಂಬೆಯ ಹತ್ತಿರ ಬನ್ನಿ. ಏಣಿ ಹತ್ತಿ ನೋಡಿದರೆ ಮೇಲೆ ಒಣ ಎಲೆಯ ಪದರ. ಅಶ್ವತ್ಥದ್ದು, ಗುಲ್‌ಮೊಹರ್‌ದು, ಮಳೆಮರದ್ದು. ಕೈ ಹಾಕಿದರೆ ಅದರ ಕೆಳಗೆ ಕಪ್ಪು ಕೆಸರು, ಒದ್ದೆಯಾಗಿ, ಕೊಳೆತ ವಾಸನೆ. ಅದರೊಳಗೆ ಗುಟ್ಕಾ ಚೀಟಿ, ಗಾಳಿಪಟದ ಮಾಂಜಾ, ಥರ್ಮೋಕೋಲ್ ಚೂರು, ಗಾರೆಯ ತುಂಡು. ಮೂಲೆಯಲ್ಲಿ ಪಾರಿವಾಳದ ಗೂಡು. ಮುಂಬೈಯ ಪಾರಿವಾಳ ಕಡ್ಡಿಯ ಜೊತೆ ತಂತಿಯ ತುಂಡನ್ನೂ ತಂದು ಗೂಡು ಕಟ್ಟುತ್ತದೆ. ಆ ತಂತಿ ಕೆಳಗಿನ ಪೈಪಿನ ಬಾಯಿಗೆ ಅಡ್ಡ ಬಿದ್ದು ಎಲೆಯನ್ನೆಲ್ಲ ಹಿಡಿದಿಟ್ಟಿರುತ್ತದೆ.

ಇಲ್ಲಿ ಮೊದಲು ಮಾಡಬೇಕಾದ್ದು ಪೈಪಿನ ಬಾಯಿಗೆ ಹಳೆ ಬಟ್ಟೆ ತುರುಕುವುದು. ಎಷ್ಟೋ ಕಡೆ ಇದನ್ನು ಮಾಡುವುದಿಲ್ಲ. ಕೆಸರನ್ನು ನೀರು ಬಿಟ್ಟು ಪೈಪಿಗೆ ತಳ್ಳಿಬಿಡುತ್ತಾರೆ. ಮೇಲೆ ನೋಡಿದರೆ ಥಳಥಳ. ಆದರೆ ಪೈಪಿನ ಕೊನೆಯ ಬಾಗಿನಲ್ಲಿ ಅದೆಲ್ಲ ಗಟ್ಟಿಯಾಗಿ ಕೂತಿರುತ್ತದೆ. ಜುಲೈಯಲ್ಲಿ ಎರಡನೇ ಮಹಡಿಯವರ ಗೋಡೆಗೆ ತೇವ ಬಂದಾಗ ಗೊತ್ತಾಗುತ್ತದೆ. ಬಟ್ಟೆ ತುರುಕಿ, ಕರಣೆಯಿಂದ ಕೆರೆದು, ಘಮೇಲಾಕ್ಕೆ (ಕೂಲಿಯವರ ಬಾಣಲಿಗೆ) ತುಂಬಿ ಕೆಳಗಿಳಿಸಬೇಕು. ಎಲ್ಲ ಮುಗಿದ ಮೇಲೆ ಬಟ್ಟೆ ತೆಗೆದು ಬಕೆಟ್ ನೀರು ಸುರಿದು ನೋಡಬೇಕು.

ಪಾರಿವಾಳದ ಹಿಕ್ಕೆ ಒಣಗಿದ್ದರೆ ಅದನ್ನು ಹಾಗೇ ಕೆರೆಯಬಾರದು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ದೊಡ್ಡ ಕಾಯಿಲೆ ಬರಬಹುದು. ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಒದ್ದೆ ಇರುವಾಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಇದನ್ನು ಗಿಡಕ್ಕೆ ಗೊಬ್ಬರ ಅಂತ ಸುಮ್ನೆ ಹಾಕಬೇಡಿ.

ಕೆಳಗೆ ಬಂದ ರಾಶಿಯನ್ನು ಬೇರೆ ಬೇರೆ ಮಾಡಲು ಹೆಚ್ಚು ಹೊತ್ತು ಬೇಡ, ಆದರೆ ಅವತ್ತೇ ಮಾಡಬೇಕು. ಮೇಲಿನ ಒಣ ಎಲೆ ಒಳ್ಳೆಯ ಸರಕು. 2017ರ ಅಕ್ಟೋಬರ್‌ನಿಂದ ದೊಡ್ಡ ಸೊಸೈಟಿಗಳು ತಮ್ಮ ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕು ಅಂತ ಪಾಲಿಕೆ ಹೇಳಿತು. ಅಂಥ ಗುಂಡಿಗಳಲ್ಲಿ ಅಡುಗೆಮನೆಯ ಕಸ ಜಾಸ್ತಿಯಾಗಿ ನೀರು ಸೋರಿ ನಾರುತ್ತಿರುತ್ತದೆ. ಒಣ ಎಲೆ ಬಿದ್ದರೆ ಅದು ಹತೋಟಿಗೆ ಬರುತ್ತದೆ. ವಾಚ್‌ಮನ್ ಕೈಯಲ್ಲಿ ಆ ಎಲೆಗೆ ಬೆಂಕಿ ಹಾಕಿಸುವ ಸೊಸೈಟಿಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಗೆ ಮೇಲಿನ ಮನೆಯ ಮಕ್ಕಳ ಮೂಗಿಗೆ, ಜೊತೆಗೆ ಕಾನೂನಿಗೂ ವಿರುದ್ಧ.

ಪ್ಲಾಸ್ಟಿಕ್, ಥರ್ಮೋಕೋಲ್ ಒಣ ಕಸದ ಗಾಡಿಗೆ. ಗಾರೆ, ಹೆಂಚಿನ ಚೂರು ಡೆಬ್ರಿಸ್, ಅಂದರೆ ಕಟ್ಟಡದ ಕಸ. ಅದಕ್ಕೆ ಪಾಲಿಕೆಯ 'ಡೆಬ್ರಿಸ್ ಆನ್ ಕಾಲ್' ಸೇವೆ ಇದೆ. ದುಡ್ಡು ಕಟ್ಟಿದರೆ ಒಯ್ಯುತ್ತಾರೆ.

ಕೆಸರನ್ನು ಒಂದೇ ಬಗೆ ಅಂತ ನೋಡಬಾರದು. ಮಾಡಿನ ದಂಬೆಯ ಕೆಸರೆಂದರೆ ಹೆಚ್ಚಾಗಿ ಧೂಳು ಮತ್ತು ಕೊಳೆತ ಎಲೆ. ಹಿಕ್ಕೆ, ಡಾಂಬರಿನ ಚೂರು ಇಲ್ಲದಿದ್ದರೆ ಕಾಂಪೌಂಡಿನ ಮರಗಳ ಬುಡಕ್ಕೆ ಮಣ್ಣಿನ ಜೊತೆ ಸೇರಿಸಬಹುದು. ಬಸಳೆ, ತುಳಸಿ ಇರುವ ಕುಂಡಕ್ಕೆ ಬೇಡ. ಕಾಂಪೌಂಡ್ ಚರಂಡಿಯ ಹೂಳು ಬೇರೆ. ಅದರಲ್ಲಿ ಗಾಡಿಗಳ ಎಣ್ಣೆ, ಟಯರಿನ ಪುಡಿ, ಇಲಿಯ ಮೂತ್ರ ಎಲ್ಲ ಸೇರಿರುತ್ತದೆ. ಅದನ್ನು ಯಾವ ಗಿಡಕ್ಕೂ ಹಾಕಬೇಡಿ, ಮನೆಕಸದ ಡಬ್ಬಿಗೂ ಹಾಕಬೇಡಿ. ವಾರ್ಡ್ ಆಫೀಸಿನಲ್ಲಿ ಮೊದಲೇ ಮಾತಾಡಿ, ಎಲ್ಲಿಗೆ ಒಯ್ಯಬೇಕು ಅಂತ ಕೇಳಿಕೊಂಡು ಗಾಡಿ ಗೊತ್ತು ಮಾಡಿ.

ಚೀಲ ತುಂಬುವಾಗ ಒಂದು ವಿಷಯ. ಸಿಮೆಂಟಿನ ಖಾಲಿ ಚೀಲದಲ್ಲಿ ಸುಮಾರು 35 ಲೀಟರ್ ಹಿಡಿಸುತ್ತದೆ. ಒದ್ದೆ ಹೂಳು ತುಂಬಿದರೆ ಅದು 50 ಕಿಲೋ ದಾಟುತ್ತದೆ. ಅದನ್ನು ಹೊತ್ತು ಮೆಟ್ಟಿಲು ಇಳಿಯುವವನ ಸೊಂಟ ಏನಾಗಬೇಕು? ಅರ್ಧ ಚೀಲ ಸಾಕು. ಗೋಣಿಯಲ್ಲೇ ಒಂದು ದಿನ ನೀರು ಬಸಿಯಲು ಬಿಟ್ಟರೆ ತೂಕವೂ ಇಳಿಯುತ್ತದೆ, ಟೆಂಪೊದಿಂದ ರಸ್ತೆಗೆ ಸೋರುವುದೂ ತಪ್ಪುತ್ತದೆ. ಆದರೆ ಚರಂಡಿಯ ದಂಡೆಯಲ್ಲೇ ಗುಡ್ಡೆ ಹಾಕಿ ಒಣಗಲಿ ಅಂತ ವಾರಗಟ್ಟಲೆ ಬಿಡುವುದು ಬೇಡ. ಮುಂಬೈಗೆ ಮುಂಗಾರು ರೂಢಿಯಲ್ಲಿ ಜೂನ್ 11ರ ಹೊತ್ತಿಗೆ ಬರಬೇಕು. 2025ರಲ್ಲಿ ಮೇ 26ಕ್ಕೇ ಬಂತು. ಪಾಲಿಕೆಯೇ ನಾಲಾ ಸಫಾಯಿಗೆ ಇಟ್ಟುಕೊಳ್ಳುವ ಗಡುವು ಮೇ 31. ದಂಡೆಯ ಮೇಲೆ ತೆಗೆದಿಟ್ಟ ಹೂಳು ಅಂಥ ವರ್ಷದಲ್ಲಿ ಎಲ್ಲಿಗೆ ಹೋಗುತ್ತದೆ ಹೇಳಿ. ತೆಗೆದಲ್ಲಿಗೇ ವಾಪಸ್.

ಕುರ್ಲಾ, ಭಾಂಡುಪ್‌ನ ಹಳೆಯ ಗಾಲಾಗಳ (ಸಣ್ಣ ಕಾರ್ಖಾನೆ ಶೆಡ್ಡುಗಳ) ಮಾಡಿನ ಮೇಲೆ ಇನ್ನೂ ಆಸ್ಬೆಸ್ಟಾಸ್ ಸಿಮೆಂಟಿನ ಶೀಟುಗಳಿವೆ. ಅಲ್ಲಿ ಬಹಳ ಜಾಗ್ರತೆ ಬೇಕು. ಶೀಟಿನ ಮೇಲಿನ ಪಾಚಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಬಾರದು, ಪ್ರೆಶರ್ ಮೆಶಿನ್ ಹಿಡಿಯಬಾರದು. ಅದರ ಎಳೆ ಗಾಳಿಗೆ ಬಂದು ಎದೆಗೆ ಹೋದರೆ, ಕಾಯಿಲೆ ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೂ ಕಾಣಿಸಿಕೊಳ್ಳುತ್ತದೆ. ಒಡೆದ ಶೀಟಿನ ತುಂಡು ದಂಬೆಯಲ್ಲಿ ಸಿಕ್ಕರೆ ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ ಬೇರೆ ಇಡಿ. ಅದು ಅಪಾಯಕಾರಿ ಕಸ. ಅಂಥ ಕಸಕ್ಕೆ ತಳೋಜಾದಲ್ಲಿ ಕೇಂದ್ರ ಇದೆ.

ಹೋಟೆಲ್ ನಡೆಸುವ ನಮ್ಮವರು ಈ ಮಾತು ಕೇಳುತ್ತಿದ್ದರೆ ಅವರಿಗೊಂದು ವಿನಂತಿ. ಅಡುಗೆಮನೆಯ ಮೋರಿಯಲ್ಲಿ ಕಟ್ಟಿಕೊಳ್ಳುವುದು ಜಿಡ್ಡು. ವಡೆ ಕರಿದ ಪಾತ್ರೆ ತೊಳೆದ ನೀರು ಪೈಪಿನಲ್ಲಿ ತಣ್ಣಗಾದ ಕೂಡಲೇ ಜಿಡ್ಡು ಗೋಡೆಗೆ ಅಂಟುತ್ತದೆ. ಅದಕ್ಕೆ ದೋಸೆ ಹಿಟ್ಟು, ಕಾಫಿ ಚರಟ, ಚಟ್ನಿಯ ಕಾಯಿತುರಿ ಸೇರಿ ಕಲ್ಲಿನ ಹಾಗಾಗುತ್ತದೆ. ಕುದಿಯುವ ನೀರು ಸುರಿದರೆ ಹೋಯಿತು ಅಂತ ಕಾಣುತ್ತದೆ, ಹೋಗಿರುವುದಿಲ್ಲ. ಮುಂದಿನ ಚೇಂಬರಿನಲ್ಲಿ ಮತ್ತೆ ಗಟ್ಟಿಯಾಗಿರುತ್ತದೆ. ಜಿಡ್ಡನ್ನು ತಡೆದು ನಿಲ್ಲಿಸುವ ತೊಟ್ಟಿ, ಗ್ರೀಸ್ ಟ್ರ್ಯಾಪ್, ಹಾಕಿಸಿ, ಮೇಲೆ ತೇಲುವ ಜಿಡ್ಡನ್ನು ದಿನಾ ತೆಗೆಸಿ. ಅದಕ್ಕೆ ಮರದ ಹೊಟ್ಟು ಬೆರೆಸಿದರೆ ಗಟ್ಟಿಯಾಗಿ ಚೀಲದಲ್ಲಿ ನಿಲ್ಲುತ್ತದೆ. ಆಮೇಲೆ ಅದನ್ನು ಬೇರೆಯಾಗಿ ಒಯ್ಯುವವರಿಗೆ ಕೊಡಿ. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನಂತೂ ಮೋರಿಗೆ ಬಿಡಲೇಬೇಡಿ. 2018ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಯೋಜನೆಯಡಿ ಅದನ್ನು ಬಯೋಡೀಸೆಲ್ ಮಾಡುವವರು ದುಡ್ಡು ಕೊಟ್ಟು ಒಯ್ಯುತ್ತಾರೆ.

ಮತ್ತೆ, ಚೇಂಬರ್ ಕಟ್ಟಿಕೊಂಡಿತು ಅಂತ ಮನುಷ್ಯನನ್ನು ಒಳಗೆ ಇಳಿಸಬೇಡಿ. ಎಷ್ಟೇ ಅರ್ಜೆಂಟ್ ಇರಲಿ. 2013ರ ಕಾನೂನು ಇದನ್ನು ತಡೆದಿದೆ. ಒಳಗಿನ ಗ್ಯಾಸಿಗೆ ಎರಡು ಉಸಿರು ಸಾಕು. 2023ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂದಿತು. ಆ ದುಡ್ಡು ಮನೆಗೆ ಬರುವ ಹೊತ್ತಿಗೆ ಮನುಷ್ಯ ಇರುವುದಿಲ್ಲ. ಸಕ್ಷನ್ ಮೆಶಿನಿನ ಗಾಡಿ ಬಾಡಿಗೆಗೆ ಸಿಗುತ್ತದೆ, ಅದನ್ನು ಕರೆಸಿ.

ದೊಡ್ಡ ಕಾಮಗಾರಿಯಲ್ಲೂ ಇದೇ ಪ್ರಶ್ನೆ ಬಂದಿದೆ. ಮುಂಬೈಯ ಮಿಠಿ ನದಿಯ ಹೂಳೆತ್ತುವ ಕೆಲಸದಲ್ಲಿ 65 ಕೋಟಿ ರೂಪಾಯಿಯ ಅಕ್ರಮ ಆಗಿದೆ ಅಂತ 2025ರಲ್ಲಿ ಮುಂಬೈ ಪೊಲೀಸರು ಕೇಸು ದಾಖಲಿಸಿದರು. ಹೂಳು ಎಷ್ಟು ತೆಗೆದರು, ಎಲ್ಲಿ ಹಾಕಿದರು ಅನ್ನುವ ಲೆಕ್ಕದ ಮೇಲೆಯೇ ದುಡ್ಡು ಹೋಗುವುದು. ಸೊಸೈಟಿಯ ಮಟ್ಟದಲ್ಲಿ ಆ ಲೆಕ್ಕ ಇಡುವುದು ಕಷ್ಟ ಅಲ್ಲ. ಕೊಟೇಶನ್ನಿನಲ್ಲೇ ಬರೆಸಿ: ಕಸ ಬೇರೆ ಮಾಡುವುದು, ಚೀಲ ತುಂಬುವುದು, ಗಾಡಿ, ಇಳಿಸುವ ಜಾಗ. ಎಷ್ಟು ಚೀಲ ಹೊರಟಿತು ಅಂತ ಗೇಟಿನ ರಿಜಿಸ್ಟರಿನಲ್ಲಿ ವಾಚ್‌ಮನ್ ಗುರುತು ಹಾಕಲಿ, ಗಾಡಿ ನಂಬರೂ ಇರಲಿ. ಇಳಿಸಿದ ಕಡೆಯ ರಸೀದಿ ತೋರಿಸಿದ ಮೇಲೆ ಕೊನೆಯ ಕಂತು ಕೊಡಿ. ಹೀಗೆ ಕೇಳುವ ಸೊಸೈಟಿ ಸಿಕ್ಕರೆ ನನ್ನಂಥ ಕಂಟ್ರಾಕ್ಟರಿಗೂ ಒಳ್ಳೆಯದು. ಕಸವನ್ನು ನಾಲಾಕ್ಕೆ ಚೆಲ್ಲಿ ರೇಟು ಇಳಿಸುವವನ ಎದುರು ನಾನು ನಿಲ್ಲಬಹುದು.

ಕೆಲಸದವರಿಗೆ ಮೊಣಕೈ ತನಕದ ರಬ್ಬರ್ ಗ್ಲೌಸ್, ಗಮ್‌ಬೂಟ್ ಇದೆಯೋ ಅಂತಲೂ ನೋಡಿ. ಕಾಲಲ್ಲಿ ಗಾಯ ಇದ್ದವರನ್ನು ಚರಂಡಿಗೆ ಇಳಿಸಬೇಡಿ, ಇಲಿಯ ಮೂತ್ರದಿಂದ ಹರಡುವ ಲೆಪ್ಟೊ ಜ್ವರದ ರೋಗಾಣು ಹೆಚ್ಚಾಗಿ ಗಾಯದಿಂದ ಒಳಗೆ ಹೋಗುವುದು. ಕೊಳೆನೀರಲ್ಲಿ ನಿಂತವರು 72 ಗಂಟೆಯೊಳಗೆ ಡಾಕ್ಟರನ್ನು ಕಾಣಬೇಕು ಅಂತ ಪಾಲಿಕೆ ಪ್ರತಿ ಮಳೆಗಾಲ ಹೇಳುತ್ತದೆ. ಕೂಲಿಯವನಿಗೆ ಆ ಮಾತು ತಲುಪಿರುವುದಿಲ್ಲ, ನೀವು ಹೇಳಿ. ಕೆಲಸ ಮುಗಿದ ಮೇಲೆ ಸ್ನಾನಕ್ಕೆ ನೀರು, ಸೋಪು ಕೊಡಿ.

ಯಾರಾದರೂ ನಾಲಾಕ್ಕೆ ಕಸ ಸುರಿಯುವುದು ಕಣ್ಣಿಗೆ ಬಿದ್ದರೆ ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಗಟಾರದ ಕೆಲಸವನ್ನು ಏಪ್ರಿಲ್ ಕೊನೆಗೇ ಗೊತ್ತು ಮಾಡಿ. ಮೇ ಮೂರನೇ ವಾರದಲ್ಲಿ ಎಲ್ಲರಿಗೂ ಒಟ್ಟಿಗೆ ಟೆಂಪೊ ಬೇಕಾಗುತ್ತದೆ, ಆಗ ಸಿಗುವುದಿಲ್ಲ. ನಮಸ್ಕಾರ.